ಎಂಪಿ ಆಫೀಸಿನ ಒಂದು ವಾರ

ಎಂಪಿ ಆದೋರು ಏನ್ ಕೆಲಸ ಮಾಡ್ತಾರೆ ಅಂತ ಕೇಳಿದ್ರೆ ನಮ್ಮ ಕಡೆ ಬರೋ ಉತ್ತರ ಎರಡೇ. ಒಂದೋ "ಏನೂ ಮಾಡಲ್ಲ ಬಿಡಿ, ಗೆದ್ದ ಮೇಲೆ ಈ ಕಡೆ ತಲೆನೇ ಹಾಕಿಲ್ಲ", ಇಲ್ಲಾಂದ್ರೆ "ತುಂಬಾ ಒಳ್ಳೇವ್ರು, ನಮ್ಮ ತಂಗಿ ಮದ್ವೆಗೆ ಬಂದಿದ್ರು". ನಾನು ಒಬ್ಬ ಲೋಕಸಭಾ ಸದಸ್ಯರ ಆಫೀಸಲ್ಲಿ ಸಂಸತ್ತಿನ ಕೆಲಸ ನೋಡ್ಕೊಳ್ತೀನಿ, ಅಂದ್ರೆ ಪ್ರಶ್ನೆ ಡ್ರಾಫ್ಟ್ ಮಾಡೋದು, ಮಸೂದೆ ಓದಿ ನೋಟ್ಸ್ ಬರೆಯೋದು, ಸಮಿತಿ ಮೀಟಿಂಗಿನ ಪೇಪರ್ ಜೋಡಿಸೋದು. ಯಾವ ಕ್ಷೇತ್ರ, ಯಾವ ಪಕ್ಷ ಅನ್ನೋದು ಇಲ್ಲಿ ಬೇಡ. ಕರ್ನಾಟಕದ 28 ಜನದಲ್ಲಿ ಯಾರ ಆಫೀಸಿಗೆ ಹೋದ್ರೂ ಅಧಿವೇಶನ ನಡೆಯೋ ವಾರ ಹೆಚ್ಚುಕಮ್ಮಿ ಹಿಂಗೇ ಇರತ್ತೆ.

ನಾನು ಹೇಳ್ಬೇಕು ಅಂತಿರೋದು ಒಂದೇ ಮಾತು. ಎಂಪಿ ಬಿಟ್ರೆ ಬೇರೆ ಯಾರೂ ಮಾಡಕ್ಕಾಗದ ಕೆಲಸ ಅಂತ ಕೆಲವು ಇದಾವೆ, ವಾರದಲ್ಲಿ ಅತೀ ಕಮ್ಮಿ ಟೈಮ್ ಸಿಗೋದು ಆ ಕೆಲಸಕ್ಕೇನೇ, ಮತ್ತೆ ಅದಕ್ಕೆ ಎಂಪಿ ಒಬ್ರೇ ಕಾರಣ ಅಲ್ಲ.

ಮೊದ್ಲು ಕ್ಷೇತ್ರ ಎಷ್ಟು ದೊಡ್ಡದು ಅಂತ ಹೇಳ್ಬಿಡ್ತೀನಿ. ನಮ್ಮ ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ, ಒಬ್ಬ ಎಂಪಿಗೆ ಸರಿಯಾಗಿ ಎಂಟು ಎಂಎಲ್ಎ ಕ್ಷೇತ್ರ. 2024ರ ಚುನಾವಣೆ ಹೊತ್ತಿಗೆ ರಾಜ್ಯದಲ್ಲಿ 5 ಕೋಟಿ 40 ಲಕ್ಷಕ್ಕೂ ಜಾಸ್ತಿ ಮತದಾರರು, ಅಂದ್ರೆ ಒಬ್ಬೊಬ್ಬ ಎಂಪಿ ಪಾಲಿಗೆ 19 ಲಕ್ಷದ ಮೇಲೆ. ಉತ್ತರ ಕನ್ನಡ ಕ್ಷೇತ್ರ ನೋಡಿ, ಆ ತುದೀಲಿ ಸಮುದ್ರದ ದಂಡೆ ಭಟ್ಕಳ, ಈ ತುದೀಲಿ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು, ನಡುವೆ ಪೂರ್ತಿ ಘಟ್ಟ. ಒಂದು ದಿನ ಗಾಡೀಲಿ ಕೂತ್ರೂ ಎಲ್ಲಾ ತಾಲೂಕು ಮುಟ್ಟಕ್ಕಾಗಲ್ಲ, ಅಷ್ಟಾದ್ರೂ ಪ್ರತಿ ಊರಲ್ಲೂ "ನಮ್ಮೂರಿಗೆ ಬಂದೇ ಇಲ್ಲ" ಅನ್ನೋ ಮಾತು ಇದ್ದೇ ಇರತ್ತೆ, ಅವ್ರು ಹೇಳೋದೂ ನಿಜಾನೇ.

ಸೋಮವಾರ ಬೆಳಗ್ಗೆ ದಿಲ್ಲಿ ಮನೇಲಿ ಫೋನ್ ಶುರುವಾಗೋದು ಆರೂವರೆಗೆ. ವೇಟಿಂಗ್ ಲಿಸ್ಟಲ್ಲಿರೋ ರೈಲ್ವೆ ಟಿಕೆಟಿಗೆ ಎಮರ್ಜೆನ್ಸಿ ಕೋಟಾ ಲೆಟರ್, ತಿರುಪತಿ ದರ್ಶನಕ್ಕೆ ಲೆಟರ್, ಆಸ್ಪತ್ರೇಲಿ ಬೆಡ್ಡು, ಟ್ರಾನ್ಸ್‌ಫರ್, ಪ್ರಧಾನಮಂತ್ರಿ ಪರಿಹಾರ ನಿಧಿಯಿಂದ ಆಪರೇಷನ್ನಿಗೆ ದುಡ್ಡು. ಈ ಕೊನೇದನ್ನ ಮಾತ್ರ ನಾವು ಯಾವತ್ತೂ ಮುಂದಕ್ಕೆ ಹಾಕಲ್ಲ, ಆಸ್ಪತ್ರೆ ಎಸ್ಟಿಮೇಟು, ಆಧಾರ್, ಆದಾಯ ಪ್ರಮಾಣ ಪತ್ರ ವಾಟ್ಸಾಪಲ್ಲಿ ಬಂದ ತಕ್ಷಣ ಪತ್ರ ರೆಡಿ ಆಗತ್ತೆ, ಸಾಹೇಬ್ರು ಕಾರು ಹತ್ತೋಕೆ ಮುಂಚೆ ಸಹಿ ಹಾಕಿಸ್ಕೊಳ್ತೀವಿ. ಮುಂಚೆ ಕೇಂದ್ರೀಯ ವಿದ್ಯಾಲಯದ ಸೀಟಿನ ಕಾಟ ಬೇರೆ ಇತ್ತಂತೆ, ಒಬ್ಬ ಎಂಪಿಗೆ ವರ್ಷಕ್ಕೆ 10 ಸೀಟು, ಕೇಳೋರು ಸಾವಿರಗಟ್ಟಲೆ. 2022ರಲ್ಲಿ ಆ ಕೋಟಾನೇ ತೆಗೆದ್ರು. ಹಳೇ ಪಿಎಗಳು ಈಗ್ಲೂ ಅದನ್ನ ಹೇಳ್ಕೊಂಡು ನಿಟ್ಟುಸಿರು ಬಿಡ್ತಾರೆ, ನನಗನ್ಸೋ ಪ್ರಕಾರ ತೆಗೆದಿದ್ದೇ ಒಳ್ಳೇದಾಯ್ತು, ಹತ್ತು ಜನಕ್ಕೆ ಕೊಟ್ಟು ಉಳಿದ ಅಷ್ಟೂ ಜನದ ಕೈಲಿ ಬೈಸ್ಕೊಳ್ಳೋ ಅಧಿಕಾರ ಯಾರಿಗೆ ಬೇಕು.

ಹನ್ನೊಂದಕ್ಕೆ ಸದನ. ಲೋಕಸಭೇಲಿ ಮೊದಲನೇ ಗಂಟೆ ಪ್ರಶ್ನೋತ್ತರ, ಹನ್ನೆರಡರ ಮೇಲೆ ಕಾಗದ ಪತ್ರ ಮಂಡನೆ, ಆಮೇಲೆ ಶೂನ್ಯ ವೇಳೆ, ಅಂದ್ರೆ ಸದಸ್ಯರು ತುರ್ತು ವಿಷಯ ಎತ್ತೋ ಹೊತ್ತು. ರಾಜ್ಯಸಭೇಲಿ 2014ರಿಂದ ಇದು ಉಲ್ಟಾ, ಅಲ್ಲಿ ಪ್ರಶ್ನೋತ್ತರ ಹನ್ನೆರಡಕ್ಕೆ. ಲೋಕಸಭೇಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಿಮಾತಲ್ಲಿ ಉತ್ತರ ಕೊಡ್ಬೇಕು, ಪ್ರಶ್ನೆ ಹಾಕಿದೋರು ಅದರ ಮೇಲೆ ಉಪಪ್ರಶ್ನೆ ಕೇಳ್ಬಹುದು. ಚುಕ್ಕೆ ಗುರುತಿಲ್ಲದ್ದು 230, ಅದಕ್ಕೆ ಬರೀ ಲಿಖಿತ ಉತ್ತರ. ಯಾರ ಪ್ರಶ್ನೆ ಬರತ್ತೆ ಅನ್ನೋದು ಲಾಟರಿ, ಬ್ಯಾಲಟ್ ಅಂತಾರೆ. ನಿಮ್ಮ ಎಂಪಿ ಎಷ್ಟೇ ದೊಡ್ಡ ಮನುಷ್ಯ ಆಗ್ಲಿ ಬ್ಯಾಲಟಲ್ಲಿ ಹೆಸರು ಬರ್ದೇ ಇದ್ರೆ ಆ ದಿನ ಏನೂ ಇಲ್ಲ.

ಒಂದು ಪ್ರಶ್ನೆ ಹುಟ್ಟೋದು ಹೆಂಗೆ ಅಂತ ಸ್ವಲ್ಪ ವಿವರವಾಗೇ ಬರೀತೀನಿ, ನನ್ನ ಕೆಲಸದಲ್ಲಿ ನನಗೆ ಅತೀ ಇಷ್ಟವಾದ ಭಾಗ ಇದೇ. ಒಂದು ಹಳ್ಳಿ ಹೈಸ್ಕೂಲ್ ಮೇಷ್ಟ್ರು ಒಂದು ಅರ್ಜಿ ತಂದುಕೊಟ್ಟಿದ್ರು. ಅವ್ರೂರಿನ ಹತ್ರ ಹಳೇ ಲೆವೆಲ್ ಕ್ರಾಸಿಂಗ್ ಗೇಟ್ ಮುಚ್ಚಿ ಹಳಿ ಕೆಳಗೆ ಅಂಡರ್‌ಪಾಸ್ ಮಾಡಿದಾರೆ, ಮಳೆ ಬಂದ್ರೆ ಅದರಲ್ಲಿ ಎದೆಮಟ್ಟ ನೀರು, ಸ್ಕೂಲ್ ಮಕ್ಕಳು ಸುತ್ತು ಹಾಕ್ಕೊಂಡು ಬರ್ಬೇಕು. ಅರ್ಜಿ ಒಂದೇ ಪುಟ. ಯಾವ್ಯಾವ ತಾರೀಕು ನೀರು ನಿಂತಿತ್ತು, ಎಷ್ಟು ದಿನ ಇಳೀಲಿಲ್ಲ, ಸುತ್ತು ದಾರಿ ಎಷ್ಟು ಕಿಲೋಮೀಟರ್, ಎಷ್ಟು ಮಕ್ಕಳು ಆ ದಾರೀಲಿ ಬರ್ತಾರೆ, ಎಲ್ಲಾ ನೀಟಾಗಿ ಬರೆದಿದ್ರು, ತಾರೀಕು ಹಾಕಿದ ಫೋಟೋ ಬೇರೆ ಲಗತ್ತಿಸಿದ್ರು. ಅದನ್ನ ಓದಿ ಸಾಹೇಬ್ರು ಹೇಳಿದ್ದು, "ಇದಕ್ಕೆ ಲೆಟರ್ ಬರೆದ್ರೆ ಇನ್ನೊಂದು ಲೆಟರ್ ಬರತ್ತೆ ಅಷ್ಟೇ, ಪ್ರಶ್ನೆ ಹಾಕಪ್ಪ."

ಪ್ರಶ್ನೆಗೆ ಅದರದ್ದೇ ಆದ ನಿಯಮ ಇದಾವೆ. ಕಮ್ಮಿ ಅಂದ್ರೂ 15 ಪೂರ್ತಿ ದಿನ ಮುಂಚೆ ನೋಟಿಸ್ ಕೊಡ್ಬೇಕು, 150 ಪದ ಮೀರಂಗಿಲ್ಲ, ರಾಜ್ಯ ಸರ್ಕಾರದ ವಿಷಯ ಕೇಳಂಗಿಲ್ಲ, ಆರೋಪ, ಊಹೆ, ಅಭಿಪ್ರಾಯ ಒಂದೂ ಇರಂಗಿಲ್ಲ. ಒಂದೊಂದು ಇಲಾಖೆಗೆ ಒಂದೊಂದು ದಿನ, ಲೋಕಸಭೇಲಿ ರೈಲ್ವೆ ಅಂದ್ರೆ ಬುಧವಾರ. ಹಂಗಾಗಿ ಈ ವಾರ ಬರೋ ಪ್ರಶ್ನೆ ಮೂರು ವಾರದ ಹಿಂದೆ ಬರೆದಿದ್ದು. ನಾನು ಮೊದಲು ಬರೆದ ಡ್ರಾಫ್ಟ್ "ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುವುದು ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಇತ್ತು. ಸಾಹೇಬ್ರು ಪೆನ್ನಲ್ಲಿ ಗೆರೆ ಎಳೆದ್ರು. ಹಂಗೆ ಕೇಳಿದ್ರೆ "ಹೌದು, ಬಂದಿದೆ, ಕ್ರಮ ಕೈಗೊಳ್ಳಲಾಗುತ್ತಿದೆ" ಅಂತ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ. ಕೊನೆಗೆ ಹೋಗಿದ್ದು ಹಿಂಗೆ: ಕರ್ನಾಟಕದಲ್ಲಿ ಕಳೆದ ಐದು ವರ್ಷದಲ್ಲಿ ಕಟ್ಟಿದ ಅಂಡರ್‌ಪಾಸ್ ಎಷ್ಟು, ಜಿಲ್ಲಾವಾರು ಕೊಡಿ, ಅದರಲ್ಲಿ ನೀರು ನಿಲ್ಲೋ ದೂರು ಬಂದಿರೋದು ಯಾವ್ಯಾವುದರ ಬಗ್ಗೆ, ನೀರು ಹೊರಗೆ ಹಾಕಕ್ಕೆ ಏನ್ ವ್ಯವಸ್ಥೆ ಮಾಡಿದೀರಿ, ಅದಕ್ಕೆ ಖರ್ಚೆಷ್ಟು, ಬಾಕಿ ಇರೋದು ಯಾವಾಗ ಮುಗಿಯತ್ತೆ, ಇಲ್ಲದಿದ್ದರೆ ಕಾರಣ ಏನು. ಊರ ಹೆಸರು, ಅಂಡರ್‌ಪಾಸ್ ನಂಬರು ಒಂದು ಉಪಭಾಗದಲ್ಲಿ ಹಾಕಿದ್ವಿ.

ಚುಕ್ಕೆ ಪ್ರಶ್ನೆ ಬ್ಯಾಲಟಲ್ಲಿ ಬರ್ಲಿಲ್ಲ, ಚುಕ್ಕೆ ಇಲ್ಲದ ಲಿಸ್ಟಲ್ಲಿ ಬಂತು. ಜನ ಇದನ್ನ ಕಮ್ಮಿ ಅಂದ್ಕೋತಾರೆ, ಟೀವೀಲಿ ಬರಲ್ಲ, ವೀಡಿಯೋ ಕ್ಲಿಪ್ ಸಿಗಲ್ಲ. ನನ್ನ ಪ್ರಕಾರ ಅರ್ಧಕ್ಕರ್ಧ ಸಲ ಇದೇ ಮೇಲು. ಲಿಖಿತ ಉತ್ತರ ಅಂದ್ರೆ ಮಂತ್ರಿ ಸದನಕ್ಕೆ ಕೊಟ್ಟ ಮಾತು. ಸದನಕ್ಕೆ ಬೇಕಂತ ತಪ್ಪು ಮಾಹಿತಿ ಕೊಟ್ರೆ ಹಕ್ಕುಚ್ಯುತಿ, ಅಂದ್ರೆ ಸದನದ ಹಕ್ಕಿಗೆ ಧಕ್ಕೆ ತಂದಂಗೆ ಆಗತ್ತೆ, ಅದಕ್ಕೇ ಉತ್ತರ ತಯಾರು ಮಾಡೋ ಅಧಿಕಾರಿಗಳು ಒಂದೊಂದು ಅಂಕಿನೂ ಕೆಳಗಿನ ಕಚೇರಿಯಿಂದ ಬರವಣಿಗೇಲಿ ತರಿಸ್ಕೋತಾರೆ. ನಮ್ಮ ಪ್ರಶ್ನೆಗೆ ಬಂದ ಉತ್ತರದ ಅನುಬಂಧದಲ್ಲಿ ಆ ಊರಿನ ಅಂಡರ್‌ಪಾಸ್ ಹೆಸರು ಇತ್ತು, ಚರಂಡಿ ಮತ್ತೆ ಪಂಪಿನ ಕೆಲಸ ಯಾವ ಹಂತದಲ್ಲಿದೆ ಅಂತಾನೂ ಇತ್ತು. ಆ ಹಾಳೆ ಪ್ರಿಂಟ್ ಹೊಡೆಸಿ ಮೇಷ್ಟ್ರಿಗೆ ಕಳಿಸಿದ ದಿನ ನನಗಾದ ಖುಷಿ ಹೇಳತೀರದು, ಯಾಕಂದ್ರೆ ಇನ್ಮೇಲೆ ಅವ್ರು ಯಾವ ಆಫೀಸಿಗೆ ಹೋದ್ರೂ "ನಮಗೆ ಗೊತ್ತಿಲ್ಲ" ಅಂತ ಯಾರೂ ಹೇಳಂಗಿಲ್ಲ.

"ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಮಂಡಿಸಲಾಗುವುದು" ಅಂತ ಉತ್ತರ ಬಂದ್ರೂ ಅದು ಕಸದ ಬುಟ್ಟಿಗಲ್ಲ. ಅದನ್ನ ಸರ್ಕಾರ ಕೊಟ್ಟ ಭರವಸೆ ಅಂತ ಲೆಕ್ಕಕ್ಕೆ ತಗೋತಾರೆ, ಮೂರು ತಿಂಗಳಲ್ಲಿ ಈಡೇರಿಸ್ಬೇಕು, ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದು ಸಮಿತಿನೇ ಇದರ ಬೆನ್ನು ಹತ್ತಿರತ್ತೆ. ಎಷ್ಟೋ ಎಂಪಿ ಆಫೀಸಲ್ಲಿ ಇದನ್ನ ಫಾಲೋ ಅಪ್ ಮಾಡಕ್ಕೆ ಒಬ್ಬ ಹುಡುಗ ಇರಲ್ಲ, ಅದೇ ದುಃಖ.

ಯಾಕೆ ಇರಲ್ಲ ಅಂದ್ರೆ, ಒಬ್ಬ ಎಂಪಿಗೆ ಆಫೀಸ್ ಖರ್ಚಿಗೆ ಅಂತ ತಿಂಗಳಿಗೆ ಸಿಗೋದು 75,000 ರೂಪಾಯಿ, ಅದರಲ್ಲಿ ಸಿಬ್ಬಂದಿಗೆ 50,000. ದಿಲ್ಲೀಲಿ ಒಬ್ರು, ಕ್ಷೇತ್ರದಲ್ಲಿ ಇಬ್ರು ಅಂತ ಇಟ್ಕೊಂಡ್ರೂ ಮುಗಿದೇ ಹೋಯ್ತು, ಮಸೂದೆ ಓದಕ್ಕೆ ಒಬ್ಬ ಲಾಯರ್, ಬಜೆಟ್ ಓದಕ್ಕೆ ಒಬ್ಬ ಎಕನಾಮಿಕ್ಸ್ ಓದಿದೋರು ಎಲ್ಲಿಂದ ಬರ್ಬೇಕು? ಸಂಸತ್ತಿನ ಲೈಬ್ರರಿಯವ್ರು ಕೇಳಿದ ಮಾಹಿತಿ ಹುಡುಕಿ ಕೊಡ್ತಾರೆ, ಅದು ನಿಜವಾಗ್ಲೂ ಚೆನ್ನಾಗಿದೆ. ಆದ್ರೂ ಸಚಿವಾಲಯದಲ್ಲಿ ನೂರಾರು ಜನ ಕೂತು ತಿಂಗಳುಗಟ್ಟಲೆ ತಯಾರು ಮಾಡಿದ ಮಸೂದೆನ ಒಬ್ಬ ಸದಸ್ಯ ಎರಡು ದಿನದಲ್ಲಿ ಓದಿ ತಿದ್ದುಪಡಿ ಸೂಚಿಸ್ಬೇಕು ಅಂದ್ರೆ ಅವನ ಬೆನ್ನಿಗೂ ಜನ ಬೇಕು ಕಣ್ರೀ. ಎಂಪಿಗಳ ಸಂಬಳ ಜಾಸ್ತಿ ಆಯ್ತು ಅಂತ ಎಲ್ರೂ ಬೈತಾರೆ, ಈಗ ತಿಂಗಳಿಗೆ 1 ಲಕ್ಷ 24 ಸಾವಿರ, ಅದನ್ನ ಬೇಕಾದ್ರೆ ಕಮ್ಮಿ ಮಾಡ್ಲಿ, ಸಂಶೋಧನೆಗೆ ಇಬ್ರು ಹುಡುಗ್ರನ್ನ ಕೊಡ್ಲಿ ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಮಂಗಳವಾರ ಪೂರ್ತಿ ಒಂದು ಮಸೂದೆ ಮೇಲಿನ ಚರ್ಚೆಗೆ ತಯಾರಿ. ಮಾತಾಡೋ ಟೈಮ್ ಪಕ್ಷದ ಬಲದ ಮೇಲೆ ಹಂಚ್ತಾರೆ, ಪಕ್ಷದೊಳಗೆ ಸೀನಿಯರ್‌ಗಳಿಗೆ ಮೊದಲು, ಹಂಗಾಗಿ ಮೊದಲನೇ ಸಲ ಗೆದ್ದವ್ರಿಗೆ ಸಿಗೋದು ರಾತ್ರಿ ಏಳರ ಮೇಲೆ ಮೂರೋ ನಾಲ್ಕೋ ನಿಮಿಷ. ಹತ್ತು ಪುಟದ ನೋಟ್ಸ್ ಕೊಟ್ಟಿರ್ತೀನಿ, ಅದರಲ್ಲಿ ಎರಡು ಪಾಯಿಂಟ್ ಹೇಳೋ ಹೊತ್ತಿಗೆ ಬೆಲ್ ಆಗತ್ತೆ. ವಿಪ್, ಅಂದ್ರೆ ಸದನದಲ್ಲಿದ್ದು ಹಿಂಗೇ ವೋಟ್ ಹಾಕ್ಬೇಕು ಅನ್ನೋ ಪಕ್ಷದ ಆದೇಶ, ಬಂದಿದ್ರೆ ಎಷ್ಟೊತ್ತಾದ್ರೂ ಕೂರ್ಬೇಕು. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ್ಮೇಲೆ ವಿಪ್ ಮೀರಿ ವೋಟ್ ಹಾಕಿದ್ರೆ ಸದಸ್ಯತ್ವಕ್ಕೇ ಕುತ್ತು. ಪಕ್ಷಾಂತರ ತಡೀಬೇಕು ಸರಿ, ಸರ್ಕಾರ ಬೀಳಿಸೋ ವೋಟಿಗೆ ವಿಪ್ ಇರ್ಲಿ, ಆದ್ರೆ ಪ್ರತಿ ಮಸೂದೆಗೂ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ. ಓದಿ, ಯೋಚನೆ ಮಾಡಿ, ತನ್ನ ಕ್ಷೇತ್ರಕ್ಕೆ ಇದು ಸರಿಹೋಗಲ್ಲ ಅಂತ ಗೊತ್ತಾದ್ಮೇಲೂ ಹೌದು ಅಂತ ಬಟನ್ ಒತ್ತಬೇಕು ಅಂದ್ರೆ ಓದೋ ಉತ್ಸಾಹ ಎಲ್ಲಿಂದ ಬರತ್ತೆ?

ಬುಧವಾರ ಮಧ್ಯಾಹ್ನದ ಮೇಲೆ ಸ್ಥಾಯಿ ಸಮಿತಿ. ಇದು ಹೊರಗಿನವ್ರಿಗೆ ಕಾಣ್ದೇ ಇರೋ ಸಂಸತ್ತು. 1993ರಲ್ಲಿ ಇಲಾಖಾವಾರು ಸಮಿತಿ ಶುರು ಮಾಡಿದ್ರು, ಈಗ 24 ಇದಾವೆ, ಒಂದೊಂದರಲ್ಲೂ 31 ಜನ, 21 ಲೋಕಸಭೆಯವ್ರು, 10 ರಾಜ್ಯಸಭೆಯವ್ರು. ಮಂತ್ರಿಗಳು ಇದರಲ್ಲಿ ಇರಂಗಿಲ್ಲ. ಬಾಗಿಲು ಹಾಕಿರತ್ತೆ, ಕ್ಯಾಮರಾ ಇರಲ್ಲ. ಸಚಿವಾಲಯದ ಕಾರ್ಯದರ್ಶಿ ತನ್ನ ಅಧಿಕಾರಿಗಳ ಸಾಲು ಕಟ್ಕೊಂಡು ಬಂದು ಎದುರಿಗೆ ಕೂತು ಉತ್ತರ ಹೇಳ್ಬೇಕು. ಸದನದಲ್ಲಿ ಬೆಳಗ್ಗೆ ಒಬ್ರ ಮೇಲೊಬ್ರು ಕೂಗಾಡಿದವ್ರೇ ಇಲ್ಲಿ ಪಕ್ಕಪಕ್ಕ ಕೂತು "ಹೋದ ವರ್ಷ ಕೊಟ್ಟ ದುಡ್ಡಲ್ಲಿ ಅರ್ಧ ಯಾಕೆ ಖರ್ಚಾಗಿಲ್ಲ" ಅಂತ ಒಂದೇ ದನಿಯಲ್ಲಿ ಕೇಳ್ತಾರೆ ಅಂತ ಸಾಹೇಬ್ರು ಹೇಳ್ತಿರ್ತಾರೆ. ಒಳಗೆ ನಮ್ಮನ್ನ ಬಿಡಲ್ಲ, ಪೇಪರ್ ರೆಡಿ ಮಾಡಿಕೊಡೋದಷ್ಟೇ ನಮ್ಮ ಕೆಲಸ, ಒಳಗೆ ಏನ್ ನಡೀತು ಅಂತ ಹೊರಗೆ ಹೇಳಂಗೂ ಇಲ್ಲ. ವರದಿ ಸದನದಲ್ಲಿ ಮಂಡನೆ ಆದ್ಮೇಲೇ ಎಲ್ರೂ ಓದ್ಬಹುದು. ಸಮಿತಿ ಹೇಳಿದ್ದನ್ನ ಸರ್ಕಾರ ಒಪ್ಪಲೇಬೇಕು ಅಂತಿಲ್ಲ, ಆದ್ರೆ ಒಪ್ಪಿದ್ರಾ ಬಿಟ್ರಾ, ಯಾಕೆ ಅಂತ ಉತ್ತರ ಕೊಡ್ಬೇಕು.

ನನಗೆ ಬೇಜಾರಾಗೋದು ಇಲ್ಲೇ. 15ನೇ ಲೋಕಸಭೆ (2009-14) ಕಾಲದಲ್ಲಿ ನೂರಕ್ಕೆ 71 ಮಸೂದೆ ಸಮಿತಿಗೆ ಹೋಗಿದ್ವು, 17ನೇ ಲೋಕಸಭೇಲಿ (2019-24) ಬರೀ 16. ಸಮಿತಿಗೆ ಹೋದ್ರೆ ರೈತರು, ವ್ಯಾಪಾರಿಗಳು, ಲಾಯರ್‌ಗಳು ಬಂದು ಹೇಳಿಕೆ ಕೊಡ್ಬಹುದು, ಒಂದೊಂದು ಸೆಕ್ಷನ್ ತೆಗೆದು ನೋಡ್ಬಹುದು. ನೇರವಾಗಿ ಸದನಕ್ಕೆ ಬಂದ್ರೆ ಅದೇ ಮೂರು ನಿಮಿಷ, ಅದೇ ಬೆಲ್ಲು. ಸದನ ಕೂರೋ ದಿನಾನೂ ಕಮ್ಮಿಯಾಗಿದೆ, ಮೊದಲನೇ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕೂತಿತ್ತು, 17ನೇದು 55 ದಿನ. ಈ 55ರಲ್ಲೂ ಗಲಾಟೆಯಿಂದ ಹನ್ನೊಂದೂಕಾಲಿಗೇ ಮುಂದೂಡಿದ್ರೆ ಮೂರು ವಾರ ಕಾದು ಬ್ಯಾಲಟಲ್ಲಿ ಗೆದ್ದ ಚುಕ್ಕೆ ಪ್ರಶ್ನೆ ಲಿಖಿತ ಉತ್ತರ ಆಗಿಬಿಡತ್ತೆ, ಮಂತ್ರಿಗೆ ಎದುರಾ ಎದುರು ಉಪಪ್ರಶ್ನೆ ಕೇಳೋ ಅವಕಾಶ ಹೋಯ್ತು. ಗಲಾಟೆ ಯಾವ ಕಡೆಯವ್ರು ಮಾಡಿದ್ರೂ ಸರಿ, ಲಾಭ ಆಗೋದು ಉತ್ತರ ಕೊಡ್ಬೇಕಾದವ್ರಿಗೆ.

ಗುರುವಾರ ಶೂನ್ಯ ವೇಳೇಲಿ ಹೆಸರು ಬಂತು, ಸಾಹೇಬ್ರು ಕನ್ನಡದಲ್ಲಿ ಮಾತಾಡಿದ್ರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೇಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದಾಗ ಅದೊಂದು ದೊಡ್ಡ ಸುದ್ದಿ. ಈಗ ಅನುವಾದಕರಿದಾರೆ, ಮೊದಲೇ ತಿಳಿಸಿದ್ರೆ ನಮ್ಮವ್ರು ಮಾತಾಡ್ತಿದ್ದಂಗೇ ಉಳಿದವ್ರ ಕಿವಿಗೆ ಇಂಗ್ಲಿಷು, ಹಿಂದೀಲಿ ಹೋಗತ್ತೆ. ನಾನು ಒಂದೇ ಕೆಲಸ ಮಾಡ್ತೀನಿ, ಭಾಷಣದಲ್ಲಿರೋ ಊರ ಹೆಸರು, ಅಂಕಿಅಂಶ ಎಲ್ಲಾ ದೊಡ್ಡ ಅಕ್ಷರದಲ್ಲಿ ಬರೆದು ಅನುವಾದಕರಿಗೆ ಮುಂಚೇನೇ ಕಳಿಸ್ತೀನಿ. ಅವ್ರು ಮಾಡೋ ಕೆಲಸಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ, ನನಗಂತೂ ಅವ್ರ ಮೇಲೆ ಭಾಳ ಗೌರವ.

ಶುಕ್ರವಾರ ಮಧ್ಯಾಹ್ನದ ಮೇಲೆ ಖಾಸಗಿ ಸದಸ್ಯರ ಕೆಲಸ, ಮಂತ್ರಿ ಅಲ್ಲದೋರು ತಮ್ಮದೇ ಮಸೂದೆ, ನಿರ್ಣಯ ತರೋ ಹೊತ್ತು. ಸ್ವಾತಂತ್ರ್ಯ ಬಂದಾಗಿಂದ ಇಂಥ ಮಸೂದೆ ಎರಡೂ ಸದನದಲ್ಲಿ ಪಾಸಾಗಿ ಕಾನೂನಾಗಿದ್ದು 14, ಕೊನೇದು 1970ರಲ್ಲಿ. ಆದ್ರೂ ಇದು ದಂಡ ಅಲ್ಲ, 2015ರಲ್ಲಿ ತೃತೀಯ ಲಿಂಗಿಗಳ ಹಕ್ಕಿನ ಖಾಸಗಿ ಮಸೂದೆ ರಾಜ್ಯಸಭೇಲಿ ಪಾಸಾಯ್ತು, ಅದೇ ಕಾನೂನಾಗ್ಲಿಲ್ಲ, ಆದ್ರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ, ನಾಲ್ಕು ವರ್ಷಕ್ಕೆ ಸರ್ಕಾರದ್ದೇ ಕಾಯ್ದೆ ಬಂತು. ಈ ಹೊತ್ತಿಗೆ ಸದನ ಅರ್ಧ ಖಾಲಿ, ಎಲ್ರೂ ಏರ್‌ಪೋರ್ಟ್ ದಾರೀಲಿ. ನಮ್ಮ ಸಾಹೇಬ್ರೂ ಹೊರಡ್ತಾರೆ, ಶನಿವಾರ ಬೆಳಗ್ಗೆ ಕ್ಷೇತ್ರದಲ್ಲಿ ಇರಲೇಬೇಕಲ್ಲ.

ಶನಿವಾರ ದಿಶಾ ಮೀಟಿಂಗ್ ಇದ್ರೆ ಒಳ್ಳೇ ದಿನ. ಕೇಂದ್ರದ ಯೋಜನೆಗಳು ಜಿಲ್ಲೇಲಿ ಹೆಂಗೆ ನಡೀತಿದಾವೆ ಅಂತ ನೋಡೋ ಸಮಿತಿ, ಅಧ್ಯಕ್ಷರು ಎಂಪಿನೇ, ಮೂರು ತಿಂಗಳಿಗೊಮ್ಮೆ ಆಗ್ಬೇಕು. ಡಿಸಿ, ಜಿಲ್ಲಾ ಪಂಚಾಯ್ತಿ ಸಿಇಒ, ಎಲ್ಲಾ ಇಲಾಖೆ ಅಧಿಕಾರಿಗಳು ಕೂತಿರ್ತಾರೆ. ಜಲ ಜೀವನ್ ಮಿಷನ್ನಲ್ಲಿ ನಲ್ಲಿ ಹಾಕಿದೀವಿ ಅಂತ ಪಿಪಿಟಿ ತೋರಿಸ್ತಾರೆ, ನಲ್ಲೀಲಿ ನೀರು ಬರತ್ತಾ ಅಂತ ಕೇಳೋದು ಎಂಪಿ ಕೆಲಸ. ಹಿಂದಿನ ಮೀಟಿಂಗಿನ ನಡಾವಳಿ ಓದಿ, ಅವತ್ತು ಯಾರು ಏನ್ ಒಪ್ಕೊಂಡಿದ್ರು ಅಂತ ಪಟ್ಟಿ ಹಿಡ್ಕೊಂಡು ಹೋದ್ರೆ ಇಡೀ ಹಾಲ್ ಸುಮ್ನಾಗತ್ತೆ.

ಆಮೇಲೆ ಜನ. ಬಂದವ್ರಲ್ಲಿ ಮುಕ್ಕಾಲುಪಾಲು ಕೇಳೋದು ಚರಂಡಿ, ಬೀದಿ ದೀಪ, ಖಾತೆ, ಅಂದ್ರೆ ಪಂಚಾಯ್ತಿ, ಪುರಸಭೆ, ತಹಸೀಲ್ದಾರ್ ಕೆಲಸ. ಉಳಿದವ್ರು ಎಂಪಿ ಫಂಡ್ ಕೇಳ್ತಾರೆ. 1993ರಲ್ಲಿ ಶುರುವಾದ ಫಂಡು, 2011ರಿಂದ ವರ್ಷಕ್ಕೆ 5 ಕೋಟಿ, ಕೇಳಕ್ಕೆ ದೊಡ್ಡದು. ಎಂಟು ಅಸೆಂಬ್ಲಿ ಕ್ಷೇತ್ರಕ್ಕೆ ಹಂಚಿ, ಒಂದಕ್ಕೆ 62 ಲಕ್ಷ 50 ಸಾವಿರ. ರಾಜ್ಯದಲ್ಲಿ ಆರು ಸಾವಿರದ ಹತ್ರ ಗ್ರಾಮ ಪಂಚಾಯ್ತಿ ಇದಾವೆ, ಒಬ್ಬ ಎಂಪಿಗೆ ಸರಾಸರಿ ಇನ್ನೂರರ ಮೇಲೆ, ಒಂದು ಪಂಚಾಯ್ತಿಗೆ ಎರಡೂವರೆ ಲಕ್ಷನೂ ಬರಲ್ಲ, ಒಂದು ಹೈಮಾಸ್ಟ್ ಲೈಟಿಗೇ ಮುಗಿದು ಹೋಗತ್ತೆ. ಅದೂ ದುಡ್ಡು ಎಂಪಿ ಕೈಗೆ ಬರಲ್ಲ, ಅವ್ರು ಶಿಫಾರಸು ಮಾಡ್ತಾರೆ, ಮಂಜೂರು ಮಾಡಿ ಕೆಲಸ ಮಾಡ್ಸೋದು ಜಿಲ್ಲಾಡಳಿತ. 15 ಪರ್ಸೆಂಟ್ ಪರಿಶಿಷ್ಟ ಜಾತಿ, 7.5 ಪರ್ಸೆಂಟ್ ಪರಿಶಿಷ್ಟ ಪಂಗಡದವ್ರು ಇರೋ ಕಡೆಗೆ ಇಡ್ಬೇಕು. ದೇವಸ್ಥಾನ, ಮಸೀದಿ, ಚರ್ಚಿನ ಒಳಗೆ ಕೊಡಂಗಿಲ್ಲ. "ಅಣ್ಣಾ, ದೇವಸ್ಥಾನದ ಕಾಂಪೌಂಡಿಗೆ ಒಂದ್ ಐದು ಲಕ್ಷ ಹಾಕ್ಸಿ" ಅಂತ ಊರಿನ ಹಿರಿಯರು ಬಂದು ಕೂತಾಗ ಈ ನಿಯಮ ಹೇಳೋದು ಎಷ್ಟು ಕಷ್ಟ ಅಂತ ಎದುರಿಗೆ ಕೂತಿದ್ರೇ ಗೊತ್ತಾಗೋದು.

ಭಾನುವಾರ ಮುಹೂರ್ತ ಇದ್ರೆ ಮದುವೆ, ಗೃಹಪ್ರವೇಶ, ನಡುವೆ ಯಾರ ಮನೇಲಾದ್ರೂ ಸಾವು. ಸಾವಿನ ಮನೆಗೆ ಹೋಗೋದನ್ನ ನಾನು ಯಾವತ್ತೂ ವೇಸ್ಟ್ ಅನ್ನಲ್ಲ, ಕಷ್ಟದಲ್ಲಿ ಬಂದವ್ರನ್ನ ಜನ ಮರೆಯಲ್ಲ, ಮರೀಬಾರ್ದು ಕೂಡ. ಆದ್ರೆ ಒಂದೇ ಭಾನುವಾರ ನಾಲ್ಕು ತಾಲೂಕಿನ ಮದುವೆ ಮುಗಿಸ್ಕೊಂಡು ರಾತ್ರಿ ಫ್ಲೈಟ್ ಹತ್ತಿದ ಮನುಷ್ಯನ ಕೈಗೆ ಸೋಮವಾರ ಬೆಳಗ್ಗೆ ನಾನು ನೂರು ಪುಟದ ಮಸೂದೆ ಕೊಟ್ರೆ ಎಷ್ಟು ತಲೆಗೆ ಹೋಗತ್ತೆ ಹೇಳಿ. ಮದುವೆಗೆ ಬರ್ಲಿಲ್ಲ ಅಂತ ವೋಟ್ ಕಳ್ಕೊಂಡವ್ರಿದಾರೆ, ಮಸೂದೆ ಓದ್ಲಿಲ್ಲ ಅಂತ ಕಳ್ಕೊಂಡವ್ರನ್ನ ನಾನು ನೋಡಿಲ್ಲ.

ನಿಮ್ಮ ಎಂಪಿ ಯಾವ ಪ್ರಶ್ನೆ ಕೇಳಿದಾರೆ, ಯಾವ ಚರ್ಚೇಲಿ ಮಾತಾಡಿದಾರೆ, ಯಾವ ಸಮಿತೀಲಿ ಇದಾರೆ ಅನ್ನೋದು ಸಂಸದ್ ಡಾಟ್ ಇನ್ ವೆಬ್‌ಸೈಟಲ್ಲಿ ಹೆಸರು ಹಾಕಿದ್ರೆ ಸಿಗತ್ತೆ, ಉತ್ತರದ ಪಿಡಿಎಫ್ ಸಮೇತ. ಬರೀ ಪ್ರಶ್ನೆ ಎಷ್ಟು ಅಂತ ಎಣಿಸ್ಬೇಡಿ, ನಿಮ್ಮ ಜಿಲ್ಲೆಗೆ ಸಂಬಂಧಪಟ್ಟದ್ದು ಎಷ್ಟು, ಅದಕ್ಕೆ ಏನ್ ಉತ್ತರ ಬಂತು ಅಂತ ಓದಿ. ಮುಂದೆ ಅರ್ಜಿ ತರೋವಾಗ ಮೊದಲು ಅದು ಕೇಂದ್ರದ ವಿಷಯನಾ ಅಂತ ನೋಡ್ಕೊಳ್ಳಿ: ರೈಲ್ವೆ, ನ್ಯಾಷನಲ್ ಹೈವೇ, ಪಿಎಫ್, ಅಂಚೆ, ಪಾಸ್‌ಪೋರ್ಟ್, ಕೇಂದ್ರದ ಸ್ಕಾಲರ್‌ಶಿಪ್, ಬೆಳೆ ವಿಮೆ ಇಂಥವು. ಒಂದು ಪುಟ ಸಾಕು. ಯಾವಾಗಿಂದ ತೊಂದ್ರೆ, ಎಷ್ಟು ಜನಕ್ಕೆ, ಮುಂಚೆ ಯಾವ ಆಫೀಸಿಗೆ ಅರ್ಜಿ ಕೊಟ್ಟಿದ್ರಿ, ಅದರ ಸ್ವೀಕೃತಿ ಜೆರಾಕ್ಸ್, ಒಂದೆರಡು ಫೋಟೋ, ಕೆಳಗೆ ನಿಮ್ಮ ಫೋನ್ ನಂಬರ್. ಅಧಿವೇಶನಕ್ಕೆ ತಿಂಗಳು ಮುಂಚೆ ಕೊಟ್ರೆ ಇನ್ನೂ ಒಳ್ಳೇದು, 15 ದಿನದ ನೋಟಿಸ್ ಲೆಕ್ಕ ನೆನಪಿರ್ಲಿ. ಅಂಥ ಅರ್ಜಿ ಕೈಗೆ ಸಿಕ್ಕಿದ ದಿನ ನಾವು ರಾತ್ರಿನೇ ಡ್ರಾಫ್ಟ್ ಶುರು ಮಾಡ್ತೀವಿ.